ಚಿಕ್ಕ ಮಕ್ಕಳ ಜೊತೆ ವಿದೇಶಕ್ಕೆ: ಬೆಂಗಳೂರು ಬಿಡುವ ಮೊದಲು, ಬಿಟ್ಟ ಮೇಲೆ

ಆಫರ್ ಲೆಟರ್ ಬಂದ ದಿನದಿಂದ ಮನೆಯಲ್ಲಿ ಎರಡೇ ಮಾತು: ಸಂಬಳ, ವೀಸಾ. ಮಕ್ಕಳು ಚಿಕ್ಕವರಿದ್ದರೆ ಮೂರನೆಯದೂ ಒಂದಿದೆ, ಅದನ್ನು ಯಾರೂ ಎತ್ತುವುದಿಲ್ಲ. ಇಲ್ಲಿ ನಿಮ್ಮ ಮಗುವನ್ನು ಸಾಕುತ್ತಿರುವವರು ನೀವಿಬ್ಬರೇ ಅಲ್ಲ. ಬೆಳಿಗ್ಗೆ ಪಾತ್ರೆ ತೊಳೆದು ಮನೆ ಒರೆಸಿ ಹೋಗುವವರಿದ್ದಾರೆ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗುವ ತಾತ ಇದ್ದಾರೆ. ಜ್ವರ ಅಂತ ಗೊತ್ತಾದರೆ ಬನಶಂಕರಿಯಿಂದ ಬಸ್ ಹತ್ತಿ ಬರುವ ಅಜ್ಜಿ ಇದ್ದಾರೆ. "ಹತ್ತು ನಿಮಿಷ ನೋಡ್ಕೋತೀರಾ?" ಅಂದರೆ ಮಗುವನ್ನು ಎತ್ತಿಕೊಳ್ಳುವ ಪಕ್ಕದ ಮನೆ ಆಂಟಿ ಇದ್ದಾರೆ. ದೇವನಹಳ್ಳಿಯಲ್ಲಿ ವಿಮಾನ ಹತ್ತುವಾಗ ಇವರೆಲ್ಲ ಇಲ್ಲೇ ಉಳಿಯುತ್ತಾರೆ.

ನಾವು ಇಬ್ಬರು ಮಕ್ಕಳ ಜೊತೆ ಕೆಲವು ವರ್ಷ ಜರ್ಮನಿಯಲ್ಲಿದ್ದು ಈಗ ಜಯನಗರಕ್ಕೆ ವಾಪಸ್ ಬಂದಿದ್ದೇವೆ. ಹೊರಡುವವರು ಬಂದು ಕೇಳುವುದು ಸೂಟ್‌ಕೇಸ್ ಬಗ್ಗೆ, ಮಿಕ್ಸಿ ಬಗ್ಗೆ. ನಾನು ಹೇಳುವುದು ಮಾತ್ರ ಒಂದೇ: ಮೊದಲು ಕೈಗಳ ಲೆಕ್ಕ ಹಾಕಿ, ಸಾಮಾನಿನ ಲೆಕ್ಕ ಆಮೇಲೆ.

1. ಯಾರು ಏನು ಮಾಡುತ್ತಾರೆ, ಬರೆದಿಡಿ

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಒಂದು ವಾರ, ಮನೆಯಲ್ಲಿ ಮಕ್ಕಳಿಗಾಗಿ ನಡೆಯುವ ಪ್ರತಿ ಕೆಲಸವನ್ನೂ, ಮಾಡಿದವರ ಹೆಸರನ್ನೂ ಅದರಲ್ಲಿ ಬರೆಯಿರಿ. ಹಾಲು ಕಾಯಿಸಿದ್ದು, ಡಯಾಪರ್ ಮುಗಿದದ್ದು ಗಮನಿಸಿದ್ದು, ಉಗುರು ಕತ್ತರಿಸಿದ್ದು, ಲಸಿಕೆಯ ತಾರೀಖು ನೆನಪಿಟ್ಟದ್ದು, ರಾತ್ರಿ ಎರಡು ಗಂಟೆಗೆ ಎದ್ದದ್ದು. ವಾರದ ಕೊನೆಗೆ ಅಜ್ಜಿ, ತಾತ, ಕೆಲಸದವರ ಹೆಸರಿರುವ ಸಾಲುಗಳನ್ನೆಲ್ಲ ಗುರುತು ಮಾಡಿ. ಅಷ್ಟೂ ಅಲ್ಲಿ ನಿಮ್ಮಿಬ್ಬರ ತಲೆಗೆ ಬರುವ ಕೆಲಸ.

ಈಗ ಹಂಚಿಕೊಳ್ಳಿ. ಹಂಚುವಾಗ ಪೂರ್ತಿ ಕೆಲಸವನ್ನೇ ಒಬ್ಬರಿಗೆ ಕೊಡಿ. ಬಟ್ಟೆ ಅಂದರೆ ಬುಟ್ಟಿಯಿಂದ ಮಷೀನಿಗೆ, ಮಷೀನಿನಿಂದ ಹಗ್ಗಕ್ಕೆ, ಹಗ್ಗದಿಂದ ಮಡಚಿ ಕಪಾಟಿಗೆ. "ಹೇಳು, ಹೆಲ್ಪ್ ಮಾಡ್ತೀನಿ" ಅನ್ನುವ ಗಂಡ ಅರ್ಧ ಕೆಲಸವನ್ನು ಹೆಂಡತಿಯ ತಲೆಯಲ್ಲೇ ಬಿಟ್ಟಿರುತ್ತಾನೆ. ಹೇಳುವುದೂ ಒಂದು ಕೆಲಸವೇ, ಅಲ್ವಾ?

ಇದನ್ನು ಬೆಂಗಳೂರಿನಲ್ಲೇ ಅಭ್ಯಾಸ ಮಾಡಿ. ಹೊರಡುವ ಎರಡು ತಿಂಗಳು ಮುಂಚೆ ಕೆಲಸದವರಿಗೆ ಸಂಬಳ ಸಮೇತ ವಾರಾಂತ್ಯ ರಜೆ ಕೊಡಿ, ಅಪ್ಪ ಅಮ್ಮನಿಗೂ ಬರಬೇಡಿ ಅನ್ನಿ. ಇಬ್ಬರಿಗೂ ಅನ್ನ, ಸಾರು, ಉಪ್ಪಿಟ್ಟು, ಒಂದು ಪಲ್ಯ ಬರಲೇಬೇಕು. ಚಪಾತಿ ಬರದಿದ್ದರೆ ಬಿಡಿ, ಅಲ್ಲಿ ಬ್ರೆಡ್ ಸಿಗುತ್ತದೆ.

2. ಕಾಗದಪತ್ರ: ಹೆಸರಿನಿಂದ ಶುರು ಮಾಡಿ

ನಮ್ಮ ಕಡೆಯವರಿಗೆ ಸಮಸ್ಯೆ ಇರುವುದೇ ಹೆಸರಿನಲ್ಲಿ. ಅಪ್ಪನಿಗೆ ಇನಿಷಿಯಲ್, ಅಮ್ಮನಿಗೆ ಅವರ ತಂದೆಯ ಹೆಸರು, ಮಗುವಿಗೆ ಅಪ್ಪನ ಹೆಸರು. ಒಂದೇ ಮನೆಯ ಮೂರು ಪಾಸ್‌ಪೋರ್ಟ್‌ನಲ್ಲಿ ಮೂರು ಥರ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದುಬಿಡುತ್ತದೆ. ಆಮೇಲೆ ಬ್ಯಾಂಕು, ಲೈಸೆನ್ಸು, ಮಗುವಿನ ಶಾಲೆ ಎಲ್ಲ ಕಡೆ ಅದೇ ಹೆಸರು. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನೇ ನಿಲ್ಲಿಸಿದೆ. ಆದ್ದರಿಂದ ಮಗುವಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಸರ್‌ನೇಮ್ ತೀರ್ಮಾನಿಸಿ. ಸಾಧ್ಯವಾದರೆ ಅಣ್ಣ ತಂಗಿ ಇಬ್ಬರಿಗೂ ಒಂದೇ ಇರಲಿ.

ಜನನ ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡಿ. ಆಸ್ಪತ್ರೆಯಿಂದ ಮಾಹಿತಿ ಹೋದಾಗ ಮಗುವಿಗೆ ಹೆಸರಿಟ್ಟಿರುವುದಿಲ್ಲ, ಹಾಗಾಗಿ ಎಷ್ಟೋ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ಹೆಸರು ಸೇರಿಸಿ ಹೊಸ ಪ್ರತಿ ತೆಗೆದುಕೊಳ್ಳಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆಯಾಗಿ ಈ ಪ್ರಮಾಣಪತ್ರ ಒಂದೇ ನಡೆಯುತ್ತದೆ.

ಮಗುವಿನ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕುವ ಅನೆಕ್ಸರ್ ಡಿ ಅನ್ನುವ ಘೋಷಣಾ ಪತ್ರ ಬೇಕು. 4 ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವಾಗ ಮಗುವಿನ ನಿದ್ದೆಯ ಹೊತ್ತು ತಪ್ಪಿಸಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ಚಿಕ್ಕ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ. ಆ ತಾರೀಖನ್ನು ಫೋನಿನಲ್ಲಿ ಹಾಕಿಡಿ, ಯಾಕೆಂದರೆ ಅದು ಬರುವ ಹೊತ್ತಿಗೆ ನೀವು ಬೇರೆ ದೇಶದಲ್ಲಿ ಇರುತ್ತೀರಿ.

ಮದುವೆ ಛತ್ರದಲ್ಲಿ ಆದದ್ದು ಬಿಟ್ಟರೆ ರಿಜಿಸ್ಟರ್ ಆಗಿಲ್ಲ ಅನ್ನುವವರು ಈಗಲೂ ಇದ್ದಾರೆ. ಕೆಲಸಕ್ಕೆ ಹೋಗುವವರ ಸಂಗಾತಿಗೆ ಸಿಗುವ ಡಿಪೆಂಡೆಂಟ್ ವೀಸಾಗೆ ವಿವಾಹ ನೋಂದಣಿ ಪತ್ರ ಬೇಕೇ ಬೇಕು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ವಿವಾಹದ ಪತ್ರ, ಮಕ್ಕಳ ಜನನ ಪತ್ರ, ಇವಕ್ಕೆ ಎಷ್ಟೋ ದೇಶಗಳು ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅನ್ನುವ ಸರ್ಕಾರದ ದೃಢೀಕರಣ, ಕೇಳುತ್ತವೆ. ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ. ವಾರಗಟ್ಟಲೆ ಹಿಡಿಯಬಹುದು, ಕೊನೆಗೆ ಇಟ್ಟುಕೊಳ್ಳಬೇಡಿ.

ಹಣದ ಕಡೆಯಿಂದ ಒಂದು. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ, ಅವಳು ಅನಿವಾಸಿಯಾದ ಮೇಲೆ ಅದು ಮುಂದುವರಿಯುವುದಿಲ್ಲ. ಅಂಚೆ ಕಚೇರಿಗೋ ಬ್ಯಾಂಕಿಗೋ ತಿಳಿಸಿ ಮುಚ್ಚಬೇಕು. ನಿಮ್ಮ ಉಳಿತಾಯ ಖಾತೆ ಎನ್‌ಆರ್‌ಓ, ಅಂದರೆ ಅನಿವಾಸಿಗಳ ಖಾತೆ, ಆಗಬೇಕು. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ.

3. ಲಸಿಕೆ ಮತ್ತು ಮದ್ದು

ತಾಯಿ ಕಾರ್ಡ್ ಅಥವಾ ಡಾಕ್ಟರ ಲಸಿಕೆ ಪುಸ್ತಕವನ್ನು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಪ್ರತಿ ಲಸಿಕೆಯ ಹೆಸರು, ತಾರೀಖು ಟೈಪ್ ಮಾಡಿಸಿ, ಸಹಿ ಸೀಲು ಹಾಕಿಸಿಕೊಳ್ಳಿ. ಕೈಬರಹ ನಮಗೇ ಅರ್ಥವಾಗುವುದಿಲ್ಲ, ಇನ್ನು ಅಲ್ಲಿಯ ನರ್ಸಿಗೆ ಹೇಗೆ ಅರ್ಥವಾದೀತು?

ನಮ್ಮಲ್ಲಿ 9 ತಿಂಗಳಿಗೇ ದಡಾರದ ಲಸಿಕೆ ಕೊಡುತ್ತಾರೆ. ಅಮೆರಿಕದ ಶಾಲೆಗಳು ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಕೊಟ್ಟ ಡೋಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಮಂಗನಬಾವು ಸೇರಿದ ಎಂಎಂಆರ್ ಬೇಕು, ಚಿಕನ್‌ಪಾಕ್ಸ್‌ನದ್ದೂ ಬೇಕು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ದಡಾರದ ಲಸಿಕೆಯ ಪುರಾವೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವಂತಿಲ್ಲ. ನಮ್ಮ ಮಕ್ಕಳಿಗೆಲ್ಲ ಹುಟ್ಟಿದಾಗಲೇ ಟಿಬಿಯ ಲಸಿಕೆ ಬಿಸಿಜಿ ಆಗಿರುತ್ತದೆ. ಅದರಿಂದ ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ ಪಾಸಿಟಿವ್ ಬರಬಹುದು. ಬಂದರೆ ಗಾಬರಿ ಬೇಡ, ಐಜಿಆರ್‌ಎ ಎನ್ನುವ ರಕ್ತಪರೀಕ್ಷೆ ಮಾಡಬಹುದಾ ಅಂತ ಕೇಳಿ. ಬಿಸಿಜಿ ಅದಕ್ಕೆ ಅಡ್ಡ ಬರುವುದಿಲ್ಲ.

ಜ್ವರದ ಸಿರಪ್ ವಿಷಯದಲ್ಲಿ ಮಾತ್ರ ತುಂಬ ಹುಷಾರು. ಇಲ್ಲಿ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಅಮೆರಿಕದಲ್ಲಿ ಅದರ ಹೆಸರೇ ಅಸಿಟಮಿನೊಫೆನ್, 5 ಎಂಎಲ್‌ಗೆ 160 ಮಿಲಿಗ್ರಾಂ. "ಯಾವಾಗಲೂ ಅರ್ಧ ಮುಚ್ಚಳ ಕೊಡೋದು" ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಗುವಿನ ತೂಕ ಹೇಳಿ, ಎಷ್ಟು ಎಂಎಲ್ ಅಂತ ಅಲ್ಲಿಯ ಡಾಕ್ಟರನ್ನೋ ಫಾರ್ಮಸಿಯವರನ್ನೋ ಕೇಳಿ ಬಾಟಲಿಯ ಮೇಲೇ ಬರೆದಿಡಿ.

ಇನ್ನೊಂದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. 38.5 ಡಿಗ್ರಿ ಜ್ವರ ಅಂತ ಓಡಿದರೆ, ಮಗು ನೀರು ಕುಡಿಯುತ್ತಿದೆ, ಆಡುತ್ತಿದೆ ಅಂದರೆ "ಮನೆಗೆ ಹೋಗಿ, ಮೂರು ದಿನ ನೋಡಿ" ಅಂತ ವಾಪಸ್ ಕಳಿಸುತ್ತಾರೆ. ಆ್ಯಂಟಿಬಯೋಟಿಕ್ ಬರೆಯುವುದಿಲ್ಲ. ಇದು ಅಸಡ್ಡೆಯಲ್ಲ, ಅಲ್ಲಿಯ ಪದ್ಧತಿ. ರಾತ್ರಿ ಹೊತ್ತು ಯಾರನ್ನು ಕೇಳುವುದು ಅನ್ನುವುದನ್ನು ಮೊದಲ ವಾರವೇ ತಿಳಿದುಕೊಳ್ಳಿ. ಇಂಗ್ಲೆಂಡ್‌ನಲ್ಲಿ 111, ಜರ್ಮನಿಯಲ್ಲಿ 116117. ಪ್ರಾಣಾಪಾಯವಾದರೆ ಯೂರೋಪಿನಲ್ಲಿ 112, ಅಮೆರಿಕದಲ್ಲಿ 911.

4. ಸಾಮಾನು, ವಿಮಾನ

ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ರಾಗಿ ಹಿಟ್ಟು, ಹುರಿಹಿಟ್ಟು, ಸಾರಿನ ಪುಡಿ, ಮಗು ತಬ್ಬಿಕೊಂಡು ಮಲಗುವ ಹಳೇ ಸೀರೆಯ ತುಂಡು, ಇಷ್ಟು ಮರೆಯಬೇಡಿ. ಯೂರೋಪಿಗೆ ತುಪ್ಪ, ಖೋವಾ, ಹಾಲಿನ ಪದಾರ್ಥ ಒಯ್ಯುವಂತಿಲ್ಲ; ಮಗುವಿನ ಹಾಲಿನ ಪುಡಿಗೆ 2 ಕೆಜಿವರೆಗೆ ವಿನಾಯಿತಿ ಇದೆ. ಆಸ್ಟ್ರೇಲಿಯಾಗೆ ಹೋಗುವವರು ತಿನ್ನುವ ಪ್ರತಿಯೊಂದನ್ನೂ ಫಾರ್ಮಿನಲ್ಲಿ ಬರೆಯಿರಿ. ಎರಡು ವರ್ಷದೊಳಗಿನ ಮಗುವಿಗೆ ತೊಡೆಯ ಮೇಲಿನ ಟಿಕೆಟ್. ಹೋಗುವಾಗ ಎರಡರ ಒಳಗಿದ್ದು ಬರುವಾಗ ಎರಡು ತುಂಬಿದ್ದರೆ ವಾಪಸ್ ಬರಲು ಸೀಟೇ ತೆಗೆದುಕೊಳ್ಳಬೇಕು. ತೊಟ್ಟಿಲಿರುವ ಸೀಟನ್ನು ಬುಕ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ.

ಕಾರ್ ಸೀಟ್ ಮಾತ್ರ ಹೊರಡುವ ಮುಂಚೆಯೇ ಯೋಚಿಸಿ. ಏರ್‌ಪೋರ್ಟಿನಿಂದ ಮನೆಗೆ ಹೋಗುವ ಟ್ಯಾಕ್ಸಿಯಲ್ಲೇ ಅದು ಬೇಕಾಗಬಹುದು. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರದವರೆಗೆ, ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂ.ಮೀ.ವರೆಗೆ ಮಕ್ಕಳ ಸೀಟು ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಳ್ಳುವುದು ಇಲ್ಲ.

5. ಮನೆಗಿಂತ ಮೊದಲು ಡೇ ಕೇರ್

ದೊಡ್ಡ ಮನೆ ಹುಡುಕಬೇಡಿ. ಡೇ ಕೇರಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ ಹುಡುಕಿ, ಒಂದು ರೂಮು ಕಡಿಮೆಯಾದರೂ ಸರಿ. ಚಳಿಯಲ್ಲಿ ಸ್ಟ್ರಾಲರ್ ತಳ್ಳಿಕೊಂಡು ಎರಡು ಬಸ್ ಬದಲಿಸುವುದು ದಿನಾ ಆಗುವ ಕೆಲಸವಲ್ಲ.

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ 2013ರ ಆಗಸ್ಟ್‌ನಿಂದ ಕಾನೂನಿನ ಹಕ್ಕು. ಆದರೆ ಊರಲ್ಲಿ ಜಾಗ ಇರಬೇಕಲ್ಲ! ಆದ್ದರಿಂದ ವಿಳಾಸ ಸಿಕ್ಕ ದಿನವೇ ಹೆಸರು ಬರೆಸಿ. ಅಮೆರಿಕದಲ್ಲಿ ಡೇ ಕೇರ್ ಖರ್ಚು ಮನೆ ಬಾಡಿಗೆಯಷ್ಟೇ ಆಗುವುದುಂಟು. ಆಫರ್ ಒಪ್ಪುವ ಮೊದಲೇ ಆ ಊರಿನ ಎರಡು ಡೇ ಕೇರಿಗೆ ಇಮೇಲ್ ಹಾಕಿ ದರ ಕೇಳಿ, ಸಂಬಳದಲ್ಲಿ ಕಳೆದು ನೋಡಿ. ಬ್ರಿಟನ್ನಿನ ಕೆಲಸದ ವೀಸಾಗಳಲ್ಲಿ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ ಎನ್ನುವ ಷರತ್ತು ಸಾಮಾನ್ಯ. ಹಾಗಾಗಿ ಅಲ್ಲಿಯ ಗೆಳೆಯರಿಗೆ ಸಿಗುವುದೆಲ್ಲ ನಿಮಗೂ ಸಿಗುತ್ತದೆ ಅಂದುಕೊಳ್ಳಬೇಡಿ.

ಜರ್ಮನಿಯಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಬರಲು ಆಗುವುದಿಲ್ಲ. ಐನ್‌ಗೆವ್ಯೋನುಂಗ್ ಅಂತ ಒಂದು ಕ್ರಮ ಇದೆ. ಮೊದಲ ಕೆಲವು ದಿನ ಅಪ್ಪನೋ ಅಮ್ಮನೋ ಅಲ್ಲೇ ಮೂಲೆಯಲ್ಲಿ ಕೂತಿರಬೇಕು. ಆಮೇಲೆ ಹತ್ತು ನಿಮಿಷ ಹೊರಗೆ, ಆಮೇಲೆ ಅರ್ಧ ಗಂಟೆ. ಹೀಗೆ ಎರಡರಿಂದ ನಾಲ್ಕು ವಾರ, ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ. ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿದರೆ ಇದನ್ನು ಯಾರು ಮಾಡುವುದು? ಕೆಲಸಕ್ಕೆ ಸೇರುವ ತಾರೀಖಿನ ಬಗ್ಗೆ ಕಂಪನಿಯ ಜೊತೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊದಲ ಚಳಿಗಾಲದಲ್ಲಿ ಮಕ್ಕಳಿಗೆ ನೆಗಡಿ, ಕೆಮ್ಮು, ವಾಂತಿ ಒಂದರ ಹಿಂದೆ ಒಂದು. ಡೇ ಕೇರಿನವರು ಫೋನ್ ಮಾಡಿ ಕರೆದುಕೊಂಡು ಹೋಗಿ ಅನ್ನುತ್ತಾರೆ. ಇವತ್ತು ಯಾರು ಹೋಗಬೇಕು ಅನ್ನುವುದು ಜಗಳಕ್ಕೆ ಮೊದಲ ಕಾರಣ. ಸೋಮ, ಬುಧ ಅವರು. ಮಂಗಳ, ಗುರು ಇವರು. ಶುಕ್ರವಾರ ಮೀಟಿಂಗ್ ಕಡಿಮೆ ಇದ್ದವರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಮಗುವಿಗೆ ಹುಷಾರಿಲ್ಲದಾಗ ಸಿಗುವ ರಜೆ ಎಷ್ಟೋ ದೇಶದಲ್ಲಿ ಅಪ್ಪನಿಗೂ ಇದೆ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯಲ್ಲಿ 2024ರಿಂದ ಒಬ್ಬೊಬ್ಬರಿಗೆ ಒಂದು ಮಗುವಿಗೆ ವರ್ಷಕ್ಕೆ 15 ದಿನ. ಅಪ್ಪಂದಿರೂ ಅದನ್ನು ಬಳಸಿ.

6. ಮನೆಯಲ್ಲಿ ಉಳಿಯುವವರ ಬಗ್ಗೆ

ಇಬ್ಬರಲ್ಲಿ ಒಬ್ಬರು, ಹೆಚ್ಚಾಗಿ ಹೆಂಡತಿ, ಇಲ್ಲಿಯ ಕೆಲಸ ಬಿಟ್ಟು ಹೊರಡುತ್ತಾರೆ. ಅಲ್ಲಿ ಕೆಲಸ ಮಾಡಬಹುದಾ ಅನ್ನುವುದನ್ನು ಒಪ್ಪುವ ಮೊದಲೇ ನೋಡಿ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ಡಿಪೆಂಡೆಂಟ್ ಕೆಲಸ ಮಾಡಬಹುದು. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4ರಲ್ಲಿ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿರಬೇಕು, ಅಥವಾ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಇಂಥ ಸಂದರ್ಭದಲ್ಲಷ್ಟೇ ಅವರು ಕೆಲಸದ ಪರವಾನಗಿ ಕೇಳಬಹುದು.

ಕೆಲಸ ಇಲ್ಲದಿದ್ದರೂ ಮೊದಲ ತಿಂಗಳಲ್ಲೇ ಅವರ ಹೆಸರು ಬ್ಯಾಂಕ್ ಖಾತೆಗೆ ಸೇರಲಿ, ಕೈಗೆ ಅವರದೇ ಕಾರ್ಡ್ ಬರಲಿ. ತರಕಾರಿ ತರಲು ಗಂಡನನ್ನು ದುಡ್ಡು ಕೇಳುವ ಪರಿಸ್ಥಿತಿ ಬಂದರೆ ಮನೆಯಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಕಾರು ಇಲ್ಲದೆ ಆಗದ ಊರಾದರೆ ಡ್ರೈವಿಂಗ್ ಲೈಸೆನ್ಸ್ ಇಬ್ಬರಿಗೂ ಒಟ್ಟಿಗೇ ಆಗಲಿ. ಭಾಷೆ ಬೇರೆಯಿರುವ ದೇಶವಾದರೆ ಕ್ಲಾಸಿಗೆ ಮೊದಲು ಹೋಗಬೇಕಾದವರು ಮನೆಯಲ್ಲಿರುವವರೇ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಶಿಶುವಿಹಾರದ ಟೀಚರ್, ಡಾಕ್ಟರ ರಿಸೆಪ್ಷನಿಸ್ಟ್, ಪಾರ್ಕಿನ ಇನ್ನೊಬ್ಬ ಅಮ್ಮ, ಇವರ ಹತ್ತಿರ ನಡೆಯುವುದಿಲ್ಲ.

ವಾರಕ್ಕೊಮ್ಮೆ ಎರಡು ಗಂಟೆ ಅವರು ಒಬ್ಬರೇ ಮನೆಯಿಂದ ಹೊರಗೆ. ಆ ಹೊತ್ತು ಮಕ್ಕಳು ಅಪ್ಪನ ಜೊತೆ. ಫೋನ್ ಮಾಡಿ "ಡಯಾಪರ್ ಎಲ್ಲಿದೆ?" ಅಂತ ಕೇಳುವಂತಿಲ್ಲ.

7. ಅಲ್ಲಿಯ ಕಾನೂನು

ಮಕ್ಕಳಿಗೆ ಒಂದೇಟು ಹಾಕುವುದು ನಮ್ಮಲ್ಲಿ ಸಾಮಾನ್ಯ ಅನ್ನುವಂತಾಗಿದೆ. ಸ್ವೀಡನ್ ಅದನ್ನು 1979ರಲ್ಲೇ ನಿಷೇಧಿಸಿತು, ಜರ್ಮನಿ 2000ದಲ್ಲಿ. ಮಗು ಶಿಶುವಿಹಾರದಲ್ಲಿ "ಅಮ್ಮ ಹೊಡೆದಳು" ಅಂದರೆ ಟೀಚರ್ ಅದನ್ನು ಸುಮ್ನೆ ಬಿಡುವುದಿಲ್ಲ. ಇಲ್ಲಿರುವಾಗಲೇ ಆ ಅಭ್ಯಾಸ ಬಿಡಿ. ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಿ ಬರುವುದೂ ಬೇಡ.

ಶಾಲೆ ಶುರುವಾದ ಮೇಲೆ ತಂಗಿಯ ಮದುವೆ, ಗೃಹಪ್ರವೇಶ ಅಂತ ನಡುವೆ ರಜೆ ಹಾಕಿ ಬೆಂಗಳೂರಿಗೆ ಬರುವುದು ಕಷ್ಟ. ಇಂಗ್ಲೆಂಡ್‌ನಲ್ಲಿ ಅನುಮತಿ ಇಲ್ಲದ ಗೈರುಹಾಜರಿಗೆ ಅಪ್ಪ ಅಮ್ಮ ಒಬ್ಬೊಬ್ಬರಿಗೂ ಮಗುವೊಂದಕ್ಕೆ 80 ಪೌಂಡ್ ದಂಡ ಬೀಳಬಹುದು, 21 ದಿನದಲ್ಲಿ ಕಟ್ಟದಿದ್ದರೆ 160. ಮದುವೆ ಮುಹೂರ್ತ ಇಡುವ ಮೊದಲೇ ಶಾಲೆಯ ಕ್ಯಾಲೆಂಡರನ್ನು ಊರಿಗೆ ಕಳಿಸಿ. ಜೋಯಿಸರು ಹೇಗಾದರೂ ಹೊಂದಿಸುತ್ತಾರೆ.

8. ಅಜ್ಜಿ ತಾತನ ವಿಡಿಯೋ ಕಾಲ್

ಎಲ್ಲರ ಮನೆಯಲ್ಲೂ ನಡೆಯುವುದು ಹೀಗೆ: ಭಾನುವಾರ ಕಾಲ್. "ಊಟ ಆಯ್ತಾ ಪುಟ್ಟಿ?" "ಆಯ್ತು." "ಏನು ತಿಂದೆ?" ಮಗು ಫೋನ್ ಸೋಫಾ ಮೇಲೆ ಎಸೆದು ಓಡುತ್ತದೆ. ಅಜ್ಜಿ ಹತ್ತು ನಿಮಿಷ ಸೂರು ನೋಡುತ್ತಾ "ಹಲೋ, ಹಲೋ" ಅನ್ನುತ್ತಿರುತ್ತಾರೆ.

ಪ್ರಶ್ನೆ ಬಿಡಿ, ಕೆಲಸ ತೋರಿಸಿ. ಬೆಂಗಳೂರಿನಲ್ಲಿ ಡಿಸೆಂಬರ್ ಜನವರಿ ಅಂದರೆ ಅವರೆಕಾಯಿ ಕಾಲ. ಅಜ್ಜಿ ಫೋನನ್ನು ಚೊಂಬಿಗೆ ಒರಗಿಸಿ ನೆನೆಸಿದ ಕಾಳು ಹಿತುಕಲು ಕೂರಲಿ. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಹಾರುತ್ತದೆ, ಒಂದೊಂದು ಪಾತ್ರೆ ಬಿಟ್ಟು ಹೊರಗೆ ಬೀಳುತ್ತದೆ. ನಮ್ಮ ಮಗಳು ಹೊರಗೆ ಬಿದ್ದ ಬೇಳೆಗಳನ್ನು ಎಣಿಸುತ್ತಿದ್ದಳು. ಅಜ್ಜಿ ಬೇಕಂತಲೇ ಹಾರಿಸುತ್ತಿದ್ದರು. ಅವಳಿಗೆ ಕನ್ನಡದಲ್ಲಿ ಎಣಿಸಲು ಬಂದದ್ದು ಹಾಗೆ. ತಾತ ಗಿಡಕ್ಕೆ ನೀರು ಹಾಕುವಾಗ, ಹೂವಿನವರು ಬಾಗಿಲಿಗೆ ಬಂದಾಗ ಐದು ನಿಮಿಷದ ಕಾಲ್ ಸಾಕು.

ಹೊತ್ತು ಗೊತ್ತುಮಾಡಿಕೊಳ್ಳಿ. ಜರ್ಮನಿಗಾದರೆ ಚಳಿಗಾಲದಲ್ಲಿ ಬೆಂಗಳೂರಿನ ರಾತ್ರಿ 8 ಅಂದರೆ ಅಲ್ಲಿ ಮಧ್ಯಾಹ್ನ 3.30, ಬೇಸಿಗೆಯಲ್ಲಿ 4.30. ಕ್ಯಾಲಿಫೋರ್ನಿಯಾದ ಶನಿವಾರ ಬೆಳಿಗ್ಗೆ 8ಕ್ಕೆ ಇಲ್ಲಿ ರಾತ್ರಿ 9.30, ಬೇಸಿಗೆಯಲ್ಲಿ 8.30. ಗಡಿಯಾರ ಬದಲಾಗುವ ವಾರ ಅಜ್ಜಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಒಂದು ಗಂಟೆ ಫೋನ್ ಹಿಡಿದು ಕಾಯುತ್ತಾರೆ.

ಕನ್ನಡಕ್ಕೆ ನಿಯಮ ಒಂದೇ: ಮನೆಯಲ್ಲಿ ಕನ್ನಡ. ಶಾಲೆಯ ಭಾಷೆ ತಾನಾಗಿ ಬರುತ್ತದೆ, ಅದಕ್ಕೆ ನೀವು ಕಷ್ಟಪಡಬೇಕಿಲ್ಲ. ಗಂಡ ಕನ್ನಡ, ಹೆಂಡತಿ ತೆಲುಗು ಅನ್ನುವ ಬೆಂಗಳೂರಿನ ಮನೆಗಳಲ್ಲಿ ಒಬ್ಬೊಬ್ಬರು ಅವರವರ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಲಿ. ಮಗು ಜರ್ಮನ್‌ನಲ್ಲಿ ಉತ್ತರ ಕೊಟ್ಟರೆ ಗದರಬೇಡಿ, ನೀವು ಕನ್ನಡದಲ್ಲೇ ಮುಂದುವರಿಸಿ. ಹೊರಡುವಾಗ ಗಾಂಧಿ ಬಜಾರಿನಿಂದ ಮಕ್ಕಳ ಪುಸ್ತಕ ಒಂದಷ್ಟು ಒಯ್ಯಿರಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಊರಿನ ಕನ್ನಡ ಸಂಘ ಹುಡುಕಿ. ಬ್ರಿಟನ್ನಿನಲ್ಲಿ ಕನ್ನಡ ಬಳಗ ಇದೆ, ದುಬೈನಲ್ಲಿ ಮಕ್ಕಳಿಗೆ ಕನ್ನಡ ಪಾಠಶಾಲೆಯೇ ಇದೆ. ಸಂಘದಿಂದ ಸಿಗುವುದು ರಾಜ್ಯೋತ್ಸವದ ಊಟ ಮಾತ್ರ ಅಲ್ಲ. ಮಗುವನ್ನು ಎರಡು ಗಂಟೆ ನೋಡಿಕೊಳ್ಳುವ ಮನೆಯೂ ಅಲ್ಲೇ ಸಿಗುತ್ತದೆ. ಮೊದಲು ನೀವು ಅವರ ಮಗುವನ್ನು ನೋಡಿಕೊಳ್ಳಿ.

9. ಎರಡನೇ ಮಗು ಅಲ್ಲೇ ಆದರೆ

ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಳ್ಳುವವರು ದಿನದ ಲೆಕ್ಕ ಸರಿಯಾಗಿ ಹಾಕಿ. ಜರ್ಮನಿಯೂ ಸೇರಿ ಯೂರೋಪಿನ ಹೆಚ್ಚಿನ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ, 30,000 ಯೂರೋದ ಆರೋಗ್ಯ ವಿಮೆ ಬೇಕು. ಬ್ರಿಟನ್ ಮತ್ತು ಅಮೆರಿಕದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಹೆರಿಗೆ ತಾರೀಖಿಗಿಂತ ತುಂಬ ಮೊದಲೇ ಕರೆಸಿದರೆ ಮಗು ಬಂದು ಒಂದು ತಿಂಗಳಿಗೇ ಅಮ್ಮ ಹೊರಡಬೇಕಾಗುತ್ತದೆ. ಎರಡೂ ಕಡೆಯ ಅಜ್ಜಿಯರು ಒಬ್ಬರಾದ ಮೇಲೆ ಒಬ್ಬರು ಬರುವುದು ಒಳ್ಳೆಯದು. ಇಬ್ಬರೂ ಒಟ್ಟಿಗೆ ಚಿಕ್ಕ ಅಡುಗೆಮನೆಯಲ್ಲಿ... ಬೇಡ ಬಿಡಿ.

ಅಪ್ಪ ಅಮ್ಮ ಇಬ್ಬರೂ ಭಾರತೀಯ ಪ್ರಜೆಗಳಾಗಿದ್ದು, ಮಗುವಿಗೆ ಅಲ್ಲಿಯ ಪೌರತ್ವ ಬರದಿದ್ದರೆ, ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಾಯಿಸಿ. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಮಗು ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿ. ಭಾರತದಲ್ಲಿ ಎರಡು ಪಾಸ್‌ಪೋರ್ಟಿಗೆ ಅವಕಾಶ ಇಲ್ಲ. 20 ವರ್ಷದೊಳಗೆ ಮಗುವಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿ, ಹೊಸ ಫೋಟೋ ಓಸಿಐ ತಾಣಕ್ಕೆ ಹಾಕಬೇಕು.

10. ವಾಪಸ್ ಬರುವ ಯೋಚನೆ ಇದ್ದರೆ

ಮಗು ಒಂದನೇ ಕ್ಲಾಸಿಗೆ ಸೇರುವ ವಯಸ್ಸಿಗೆ ಬಂದಾಗ ಈ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ತಂದರು, 2025-26ಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಆ ವರ್ಷದ ಆದೇಶ ಏನಿದೆ ಅಂತ ನೋಡಿಕೊಂಡೇ ಟಿಕೆಟ್ ಮಾಡಿ. 2015ರ ಕಾನೂನಿನಂತೆ ಇಲ್ಲಿಯ ಶಾಲೆಗಳಲ್ಲಿ, ಸಿಬಿಎಸ್‌ಇ ಆದರೂ ಐಸಿಎಸ್‌ಇ ಆದರೂ, ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಅ ಆ ಇ ಈ ಗೊತ್ತಿಲ್ಲದೆ ಮೂರನೇ ಕ್ಲಾಸಿಗೆ ಬಂದು ಕೂರುವ ಮಗುವಿಗೆ ಕಷ್ಟ. ಮಾತು ಬಂದರೆ ಸಾಲದು, ಐದು ವರ್ಷದಿಂದ ದಿನಕ್ಕೆ ಹತ್ತು ನಿಮಿಷ ಅಕ್ಷರ ಬರೆಸಿ.

ಅಲ್ಲಿಯ ಶಾಲೆಯಿಂದ ಪ್ರತಿ ವರ್ಷದ ಅಂಕಪಟ್ಟಿ ಅಥವಾ ವರದಿ, ಲಸಿಕೆ ದಾಖಲೆ, ಬಿಡುವಾಗ ಒಂದು ಪತ್ರ ಕೇಳಿ ಇಟ್ಟುಕೊಳ್ಳಿ. ಟಿಸಿ ಅನ್ನುವುದು ಅಲ್ಲಿ ಇರುವುದಿಲ್ಲ. ಅದಕ್ಕೇ ಇಲ್ಲಿಯ ಶಾಲೆಗೆ ಏನು ನಡೆಯುತ್ತದೆ ಅಂತ ಮೊದಲು ಕೇಳಿ, ಅದೇ ಒಕ್ಕಣೆಯಲ್ಲಿ ಅಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳು ಜೂನ್‌ನ ಸೀಟಿಗೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಕೊಡಲು ಶುರು ಮಾಡುತ್ತವೆ. ಬರುವ ವರ್ಷ ಗೊತ್ತಾಗಿದ್ದರೆ ಹಿಂದಿನ ಅಕ್ಟೋಬರ್‌ನಲ್ಲೇ ತಾತನ ಕೈಗೆ ಶಾಲೆಗಳ ಪಟ್ಟಿ ಕೊಡಿ.